ಡ್ರಾಫ್ಟ್ ರಾತ್ರಿಯ ಕೊಡುಕೊಳ್ಳುವಿಕೆ: ಡಲ್ಲಾಸ್ ಮ್ಯಾವರಿಕ್ಸ್ ಪಡೆದದ್ದೇನು, ಕಳೆದುಕೊಂಡದ್ದೇನು?

(ಇದು ಅಭಿಮಾನಿಗಳ ಚರ್ಚೆ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ರಿಯೂನಿಯನ್ ಮೇಲಂತಸ್ತು

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಡಲ್ಲಾಸ್ ಮ್ಯಾವರಿಕ್ಸ್ ತಂಡದ ಅತಿ ದೊಡ್ಡ ಆಟಗಾರರೆಂದು ನಾವು ಹೇಳಿಕೊಳ್ಳುವ ಇಬ್ಬರಲ್ಲಿ ಒಬ್ಬರ ಹೆಸರನ್ನೂ ಡ್ರಾಫ್ಟ್ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ವಾರ್ಷಿಕ ಕಾರ್ಯಕ್ರಮ) ವೇದಿಕೆಯ ಮೇಲೆ ನಮ್ಮ ತಂಡದ ಹೆಸರಿನ ಜೊತೆಗೆ ಕೂಗಿರಲಿಲ್ಲ. 1998ರ ಜೂನ್ 24ರಂದು ಡರ್ಕ್ ನೊವಿಟ್ಸ್ಕಿಯನ್ನು ಒಂಬತ್ತನೆಯವನಾಗಿ ಆರಿಸಿದ್ದು ಮಿಲ್ವಾಕಿ ಬಕ್ಸ್. 2018ರ ಜೂನ್ 21ರಂದು ಲೂಕಾ ಡಾನ್ಚಿಚ್‌ನನ್ನು ಮೂರನೆಯವನಾಗಿ ಆರಿಸಿದ್ದು ಅಟ್ಲಾಂಟಾ ಹಾಕ್ಸ್. ಇಬ್ಬರೂ ಅದೇ ರಾತ್ರಿ ಅದಲುಬದಲಾಗಿ ನಮ್ಮ ಕೈಸೇರಿದರು. ಈ ಎರಡು ರಾತ್ರಿಗಳ ಹೊಳಪಿನಲ್ಲಿ ಉಳಿದ ಡ್ರಾಫ್ಟ್ ರಾತ್ರಿಗಳು ನಮ್ಮ ನೆನಪಿನಿಂದ ಮರೆಯಾಗಿವೆ ಎಂಬುದು ನನ್ನ ಅನಿಸಿಕೆ. ಅವನ್ನು ಒಂದೊಂದಾಗಿ ಮುಂದಿಟ್ಟುಕೊಂಡು ನೋಡೋಣವೆಂದು ಇದನ್ನು ಆರಂಭಿಸುತ್ತಿದ್ದೇನೆ.

1998ರಿಂದಲೇ ತೊಡಗುತ್ತೇನೆ. ನಾವು ಆರನೇ ಪಿಕ್‌ನಲ್ಲಿ (ಆಯ್ಕೆಯ ಸರದಿಯಲ್ಲಿ) ಮಿಷಿಗನ್ ವಿಶ್ವವಿದ್ಯಾಲಯದ ರಾಬರ್ಟ್ ಟ್ರೇಲರ್‌ನನ್ನು ಆರಿಸಿ ಮಿಲ್ವಾಕಿಗೆ ಕೊಟ್ಟೆವು. ಬದಲಿಗೆ ನೊವಿಟ್ಸ್ಕಿಯ ಜೊತೆಗೆ ಹತ್ತೊಂಬತ್ತನೇ ಪಿಕ್ ಪ್ಯಾಟ್ ಗ್ಯಾರಿಟಿಯೂ ಬಂದ. ಆ ಗ್ಯಾರಿಟಿಯನ್ನು ಅಂದೇ ಫೀನಿಕ್ಸ್‌ಗೆ ದಾಟಿಸಿ, ಮಾರ್ಟಿನ್ ಮೂರ್ಸೆಪ್, ಬಬ್ಬಾ ವೆಲ್ಸ್ ಮತ್ತು ಮುಂದಿನ ವರ್ಷದ ಫಸ್ಟ್ ರೌಂಡ್ (ಮೊದಲ ಸುತ್ತಿನ) ಪಿಕ್ ಒಂದನ್ನು ಸೇರಿಸಿ, ಸ್ಟೀವ್ ನ್ಯಾಶ್‌ನನ್ನು ತಂದೆವು. ಡರ್ಕ್ ಕಥೆ ಎಲ್ಲರಿಗೂ ಗೊತ್ತು. ಆದರೆ ಆಗಿನ ಕೋಚ್ ಡಾನ್ ನೆಲ್ಸನ್ ಮತ್ತು ಅವರ ಮಗ ಡಾನಿ ನೆಲ್ಸನ್ ಒಂದೇ ಸಂಜೆ ಮುಂದೆ ಎಂವಿಪಿ (ವರ್ಷದ ಶ್ರೇಷ್ಠ ಆಟಗಾರ) ಆಗಲಿದ್ದ ಇಬ್ಬರನ್ನು ಕೂಡಿಸಿದರು ಎಂಬುದು ಈಗಲೂ ನನಗೆ ನಂಬಲು ಕಷ್ಟವಾದ ಸಂಗತಿ.

ಆಗ ಊರಿನಲ್ಲಿ ಯಾರಿಗೂ ಹಾಗೆ ಕಂಡಿರಲಿಲ್ಲ. ವೈಟುಕೆ (2000ನೇ ಇಸವಿಯ ಕಂಪ್ಯೂಟರ್ ತೊಂದರೆ ಸರಿಪಡಿಸುವ) ಕೆಲಸಕ್ಕೆಂದು ನಾನು ಡಲ್ಲಾಸ್ ಪಕ್ಕದ ಇರ್ವಿಂಗ್‌ಗೆ ಬಂದದ್ದು 1999ರ ಜನವರಿಯಲ್ಲಿ. ಮಾಲೀಕರು ಆಟ ನಿಲ್ಲಿಸಿದ್ದ ಲಾಕೌಟ್ ಮುಗಿದು ಐವತ್ತೇ ಪಂದ್ಯಗಳ ಮೊಟಕು ಸೀಸನ್ ಫೆಬ್ರವರಿಯಲ್ಲಿ ಶುರುವಾಯಿತು. ದಾವಣಗೆರೆಯ ರೂಮ್‌ಮೇಟ್ ಒಬ್ಬನ ಜೊತೆ ತಂಡದ ಆಗಿನ ಅಂಗಳ ರಿಯೂನಿಯನ್ ಅರೀನಾದ ಮೇಲಂತಸ್ತಿನ ಅಗ್ಗದ ಸೀಟಿನಲ್ಲಿ ಕೂತು, ಕ್ಯಾಂಟೀನಿನವರು ತಟ್ಟೆಯಲ್ಲಿ ಕೊಟ್ಟ ನಾಚೋಸ್ ತಣ್ಣಗಾಗಿ ಚೀಸ್ ಮೇಲೆ ಕೆನೆಗಟ್ಟುವುದನ್ನು ನೋಡುತ್ತಾ, ನ್ಯಾಶ್ ಕೈಗೆ ಚೆಂಡು ಹೋದಾಗಲೆಲ್ಲ ನಮ್ಮದೇ ಪ್ರೇಕ್ಷಕರು ಊಳಿಡುವುದನ್ನು ಕೇಳಿದ್ದೇನೆ. ನಾನೂ ಒಂದೆರಡು ಸಲ ಊಳಿಟ್ಟೆ. ಡರ್ಕ್ ಆ ವರ್ಷ ಸರಾಸರಿ 8.2 ಅಂಕ ಗಳಿಸಿದ. ಅವನಿಗೆ ಡಿಫೆನ್ಸ್ ಬಾರದು ಎಂದು ಹೆಸರಿನ ‘ಡಿ’ ಅಕ್ಷರ ತೆಗೆದು ‘ಇರ್ಕ್’ ಎಂದು ಕರೆಯುವುದು ರೂಢಿಯಾಗಿತ್ತು.

ಖಾತೆ ಕಿರ್ದಿ

ಮೇಲಂತಸ್ತಿನ ರಾಯರೇ, ನೀವು ಜಮೆಯ ಕಡೆಯನ್ನಷ್ಟೇ ಓದಿ ಪುಸ್ತಕ ಮುಚ್ಚಿದಿರಿ. ನ್ಯಾಶ್‌ಗಾಗಿ ಕೊಟ್ಟ ಆ ಫಸ್ಟ್ ರೌಂಡ್ ಪಿಕ್ 1999ರಲ್ಲಿ ಒಂಬತ್ತನೆಯದಾಗಿ, ಫೀನಿಕ್ಸ್ ಅದರಿಂದ ಶಾನ್ ಮ್ಯಾರಿಯನ್‌ನನ್ನು ಪಡೆಯಿತು. ಮ್ಯಾರಿಯನ್ ನಾಲ್ಕು ಸಲ ಆಲ್‌ಸ್ಟಾರ್ ಆದವನು. ಅತ್ತ ನ್ಯಾಶ್ ಆರು ಸೀಸನ್ ನಮ್ಮಲ್ಲಿ ಆಡಿ 2004ರಲ್ಲಿ ಫ್ರೀ ಏಜೆಂಟ್ (ಒಪ್ಪಂದ ಮುಗಿದು ಬೇರೆ ತಂಡ ಸೇರಬಹುದಾದ ಆಟಗಾರ) ಆಗಿ ಅದೇ ಫೀನಿಕ್ಸ್‌ಗೆ ಹೊರಟುಹೋದ. ನಮಗೆ ಕವಡೆಯೂ ಸಿಗಲಿಲ್ಲ. 2005 ಮತ್ತು 2006ರ ಎಂವಿಪಿ ಪ್ರಶಸ್ತಿಗಳನ್ನು ಅವನು ಗೆದ್ದದ್ದು ಅವರ ಜೆರ್ಸಿ ತೊಟ್ಟು. ಹಾಗೆ ನೋಡಿದರೆ 1998ರ ವ್ಯವಹಾರದ ದ್ವಿತೀಯಾರ್ಧದಲ್ಲಿ ಫೀನಿಕ್ಸ್‌ಗೆ ಮ್ಯಾರಿಯನ್ನೂ ದಕ್ಕಿದ, ಕೊನೆಗೆ ನ್ಯಾಶ್ ಕೂಡ ದಕ್ಕಿದ. ಮ್ಯಾರಿಯನ್ 2009ರಲ್ಲಿ ಡಲ್ಲಾಸ್‌ಗೆ ಬಂದು 2011ರ ಫೈನಲ್‌ನಲ್ಲಿ ಲೆಬ್ರಾನ್ ಜೇಮ್ಸ್‌ಗೆ ಅಡ್ಡನಿಂತದ್ದು ನಮ್ಮ ಪುಣ್ಯವೇ ಹೊರತು ಆ ರಾತ್ರಿಯ ಜಾಣ್ಮೆಯಲ್ಲ.

ನನ್ನ ಪದ್ಧತಿ ಸರಳವಾಗಿದೆ. ಒಂದು ಟ್ರೇಡಿನಲ್ಲಿ ಬಂದವನು ಮತ್ತೊಂದು ಟ್ರೇಡಿನಲ್ಲಿ ಹೋದರೆ, ಅವನ ಬದಲಿಗೆ ಬಂದವನ ಹೆಸರಿಗೆ ಬಾಕಿಯನ್ನು ವರ್ಗಾಯಿಸುತ್ತೇನೆ. ಆ ಎಳೆ ಕಡಿಯುವವರೆಗೆ ಖಾತೆ ಮುಗಿಯುವುದಿಲ್ಲ. ಈ ಲೆಕ್ಕದಲ್ಲಿ ಯಾರೂ ನೆನೆಯದ 2004ರ ಡ್ರಾಫ್ಟ್ ದಿನವೇ ನನಗೆ ಹೆಚ್ಚು ಬೆಲೆಯದು. ಅಂದು ಆಂಟವಾನ್ ಜೇಮಿಸನ್‌ನನ್ನು ವಾಷಿಂಗ್ಟನ್‌ಗೆ ಕೊಟ್ಟು ಜೆರ್ರಿ ಸ್ಟ್ಯಾಕ್‌ಹೌಸ್, ಕ್ರಿಶ್ಚಿಯನ್ ಲೇಟ್ನರ್ ಮತ್ತು ಐದನೇ ಪಿಕ್ ಡೆವಿನ್ ಹ್ಯಾರಿಸ್‌ನನ್ನು ತೆಗೆದುಕೊಂಡೆವು. ಜೇಮಿಸನ್ ಆ ವರ್ಷವಷ್ಟೇ ಸಿಕ್ಸ್ತ್ ಮ್ಯಾನ್ (ಬದಲಿಯಾಗಿ ಇಳಿಯುವ ಶ್ರೇಷ್ಠ ಆಟಗಾರನ) ಪ್ರಶಸ್ತಿ ಗೆದ್ದಿದ್ದ, ಹಾಗಾಗಿ ಬೈದವರೇ ಹೆಚ್ಚು. ಹ್ಯಾರಿಸ್ 2006ರಲ್ಲಿ ಸ್ಯಾನ್ ಆಂಟೋನಿಯೋ ವಿರುದ್ಧದ ಸರಣಿಯಲ್ಲಿ ತನ್ನ ವೇಗದಿಂದ ಟೋನಿ ಪಾರ್ಕರ್‌ಗೆ ಬೆವರಿಳಿಸಿದ. 2008ರ ಫೆಬ್ರವರಿಯಲ್ಲಿ ಅವನನ್ನೇ ಮುಖ್ಯ ಬೆಲೆಯಾಗಿ ಕೊಟ್ಟು ನ್ಯೂಜೆರ್ಸಿಯಿಂದ ಜೇಸನ್ ಕಿಡ್‌ನನ್ನು ಕರೆತಂದೆವು. 2011ರಲ್ಲಿ ಕಪ್ ಎತ್ತಿದ ತಂಡದ ಪಾಯಿಂಟ್ ಗಾರ್ಡ್ (ಆಟ ಕಟ್ಟುವವನು) ಯಾರು? ಆ ಎಳೆಯ ತುದಿಯಲ್ಲಿ ನಿಂತಿದ್ದ ಕಿಡ್.

ಅದೇ 2004ರ ರಾತ್ರಿ ಭವಿಷ್ಯದ ಫಸ್ಟ್ ರೌಂಡ್ ಪಿಕ್ ತೆತ್ತು ಯೂಟಾದಿಂದ ತಂದ ಪಾವೆಲ್ ಪೊಡ್ಕೊಲ್ಜಿನ್ ಎನ್‌ಬಿಎಯಲ್ಲಿ ಒಟ್ಟು ಆರು ಪಂದ್ಯ ಆಡಿದ ಎಂಬುದನ್ನೂ ಖರ್ಚಿನ ಕಡೆ ಬರೆದಿಟ್ಟಿದ್ದೇನೆ, ಪಕ್ಷಪಾತ ಎನ್ನಬೇಡಿ.

ಹದಿನೈದನೇ ಪಿಕ್

ಖಾತೆ ಕಿರ್ದಿಯವರೇ, ನಿಮ್ಮ ಪುಸ್ತಕದಲ್ಲಿ 2013ರ ಪುಟವನ್ನು ಹರಿದು ಹಾಕಿಲ್ಲ ತಾನೆ? ನಮಗೆ ಹದಿಮೂರನೇ ಪಿಕ್ ಇತ್ತು. ಅದರಲ್ಲಿ ಆರಿಸಿದ ಕೆಲ್ಲಿ ಒಲಿನಿಕ್‌ನನ್ನು ಬಾಸ್ಟನ್‌ಗೆ ಬಿಟ್ಟುಕೊಟ್ಟು ಹದಿನಾರಕ್ಕೆ ಇಳಿದೆವು, ಹದಿನಾರನ್ನು ಅಟ್ಲಾಂಟಾಗೆ ಬಿಟ್ಟುಕೊಟ್ಟು ಹದಿನೆಂಟಕ್ಕೆ ಇಳಿದೆವು, ಇಳಿಯುವಾಗ ಹಿಂದಿನ ವರ್ಷದ ಫಸ್ಟ್ ರೌಂಡ್ ಆಟಗಾರ ಜ್ಯಾರೆಡ್ ಕನಿಂಗ್‌ಹ್ಯಾಮ್‌ನನ್ನೂ ಇಳಿಸಿ ಬಂದೆವು. ಕೊನೆಗೆ ಸಿಕ್ಕಿದ್ದು ಶೇನ್ ಲಾರ್ಕಿನ್. ನಾವು ಹೀಗೆ ಮೆಟ್ಟಿಲಿಳಿಯುತ್ತಿದ್ದಾಗ ನಡುವಿನ ಹದಿನೈದನೇ ಮೆಟ್ಟಿಲಲ್ಲಿ ಮಿಲ್ವಾಕಿಯವರು ಗ್ರೀಸ್ ದೇಶದ ಎರಡನೇ ದರ್ಜೆಯ ಲೀಗ್‌ನಿಂದ ಬಂದ ಯಾನಿಸ್ ಆಂಟೆಟೊಕೌಂಪೋ ಎಂಬ ಹುಡುಗನ ಹೆಸರು ಹೇಳಿದರು.

ಆ ಹುಡುಗ ನಮ್ಮವರಿಗೆ ಗೊತ್ತಿರಲಿಲ್ಲ ಎಂದಿದ್ದರೆ ನಾನು ಇಷ್ಟು ವರ್ಷ ಇದನ್ನೇ ಜಪಿಸುತ್ತಿರಲಿಲ್ಲ. ಡಾನಿ ನೆಲ್ಸನ್‌ಗೆ ಅವನು ಬೇಕಾಗಿದ್ದ. ಮಾಲೀಕ ಮಾರ್ಕ್ ಕ್ಯೂಬನ್‌ಗೆ ಸ್ಯಾಲರಿ ಕ್ಯಾಪ್‌ನಲ್ಲಿ (ತಂಡದ ಸಂಬಳದ ಮಿತಿಯಲ್ಲಿ) ಜಾಗ ಬೇಕಾಗಿತ್ತು, ಏಕೆಂದರೆ ಆ ಬೇಸಿಗೆಯಲ್ಲಿ ಡ್ವೈಟ್ ಹೊವಾರ್ಡ್ ಬರಬಹುದೆಂಬ ಆಸೆ ಇತ್ತು. ಹೊವಾರ್ಡ್ ಹೋದದ್ದು ಹ್ಯೂಸ್ಟನ್‌ಗೆ. ಬೆಂಗಳೂರಿನಲ್ಲಿ ಕೆಲವು ಮನೆ ಮಾಲೀಕರಿರುತ್ತಾರೆ: ದೊಡ್ಡ ಕಂಪನಿಯ ಸಾಹೇಬರು ಬಾಡಿಗೆಗೆ ಬರುತ್ತಾರೆಂದು ಬಾಗಿಲಿಗೆ ಬಂದ ಒಳ್ಳೆಯ ಸಂಸಾರಸ್ಥರನ್ನೆಲ್ಲ ವಾಪಸು ಕಳಿಸಿ, ವರ್ಷಗಟ್ಟಲೆ ಮನೆಯನ್ನು ಖಾಲಿ ಇಟ್ಟುಕೊಂಡು, ವಾರಕ್ಕೊಮ್ಮೆ ಧೂಳು ಗುಡಿಸಿಸುತ್ತಾರೆ. 2011ರ ಕಪ್ ಗೆದ್ದ ಮೇಲೆ ಟೈಸನ್ ಚಾಂಡ್ಲರ್‌ನನ್ನು ಹೋಗಲು ಬಿಟ್ಟಾಗಿನಿಂದ ನಮ್ಮ ತಂಡ ಹಾಗೆಯೇ ಇತ್ತು. 2012ರಲ್ಲಿ ಡೆರನ್ ವಿಲಿಯಮ್ಸ್ ಬರಲಿಲ್ಲ, 2013ರಲ್ಲಿ ಹೊವಾರ್ಡ್ ಬರಲಿಲ್ಲ, 2015ರಲ್ಲಿ ಡಿಆಂಡ್ರೆ ಜೋರ್ಡನ್ ಬರುತ್ತೇನೆಂದು ಮಾತು ಕೊಟ್ಟು ಮನಸ್ಸು ಬದಲಿಸಿದ. ಡ್ರಾಫ್ಟ್ ರಾತ್ರಿಯ ತಪ್ಪು ಡ್ರಾಫ್ಟ್ ರಾತ್ರಿಯಲ್ಲಿ ಹುಟ್ಟಿದ್ದಲ್ಲ ಎಂಬುದೇ ನನ್ನ ದೂರು.

ರಿಯೂನಿಯನ್ ಮೇಲಂತಸ್ತು

ನಿಮ್ಮ ನೋವು ಅರ್ಥವಾಗುತ್ತದೆ, ಆದರೆ ಆ ಹುಡುಗನನ್ನು ಬಿಟ್ಟವರು ನಾವೊಬ್ಬರೇ ಅಲ್ಲ. ಅವನಿಗಿಂತ ಮೊದಲು ಹದಿನಾಲ್ಕು ಹೆಸರುಗಳನ್ನು ಕೂಗಲಾಯಿತು. ಅಲ್ಲದೆ ಯಾನಿಸ್ ಮಿಲ್ವಾಕಿಯಲ್ಲಿ ಬೆಳೆದಂತೆ ಡಲ್ಲಾಸ್‌ನಲ್ಲಿ ಬೆಳೆಯುತ್ತಿದ್ದನೇ? ಗೆಲ್ಲಲೇಬೇಕೆಂಬ ಹಟದಲ್ಲಿದ್ದ, ಮೂವತ್ತೈದರ ಡರ್ಕ್‌ನ ಸುತ್ತ ಕಟ್ಟಿದ ತಂಡದಲ್ಲಿ ಹದಿನೆಂಟರ ಹುಡುಗನಿಗೆ ತಪ್ಪು ಮಾಡುವಷ್ಟು ನಿಮಿಷಗಳನ್ನು ಯಾರು ಕೊಡುತ್ತಿದ್ದರು?

ಹದಿನೈದನೇ ಪಿಕ್

1999ರಲ್ಲಿ ಇಪ್ಪತ್ತರ ಜರ್ಮನ್ ಹುಡುಗನಿಗೆ ನಿಮಿಷಗಳನ್ನು ಕೊಟ್ಟವರು ಯಾರೋ, ಅವರ ಮಗನೇ 2013ರಲ್ಲೂ ಕಚೇರಿಯಲ್ಲಿ ಕೂತಿದ್ದರು ರಾಯರೇ. ಯಾನಿಸ್ ಎರಡು ಎಂವಿಪಿ ಗೆದ್ದು, 2021ರ ಫೈನಲ್‌ನ ಆರನೇ ಪಂದ್ಯದಲ್ಲಿ 50 ಅಂಕ ಹೊಡೆದು ಕಪ್ ಎತ್ತಿದ ದಿನ ನಾನು ಟೀವಿ ಆರಿಸಿ ಬಾಲ್ಕನಿಯಲ್ಲಿ ಒಣಗಿದ್ದ ಬಟ್ಟೆಗಳನ್ನೆಲ್ಲ ತೆಗೆದು, ಮಡಿಸಿ, ಮತ್ತೆ ಬಿಚ್ಚಿ ಮಡಿಸಿದೆ.

ಫ್ರಿಸ್ಕೋ ಪಕ್ಕದ ಮನೆ

2012ರ ರಾತ್ರಿಯನ್ನೂ ಸೇರಿಸಿಕೊಳ್ಳಿ. ಹದಿನೇಳನೇ ಪಿಕ್ ಟೈಲರ್ ಝೆಲ್ಲರ್‌ನನ್ನು ಕ್ಲೀವ್‌ಲ್ಯಾಂಡ್‌ಗೆ ಕೊಟ್ಟು 24, 33 ಮತ್ತು 34ನೇ ಪಿಕ್‌ಗಳನ್ನು ಪಡೆದೆವು. ಒಂದರ ಬದಲು ಮೂರು ಎಂಬ ಈ ಟ್ರೇಡ್ ಕಾಗದದ ಮೇಲೆ ಚೆನ್ನಾಗಿತ್ತು. 34ರಲ್ಲಿ ಸಿಕ್ಕ ಜೇ ಕ್ರೌಡರ್ ದೀರ್ಘಕಾಲ ಲೀಗ್‌ನಲ್ಲಿ ಬಾಳಿದ ಆಟಗಾರನೂ ಹೌದು. ಆದರೆ ನಮ್ಮ ಸರದಿ ಎರಡು ಸಲ ಬಂದು ಹೋದ ಮರುಕ್ಷಣವೇ, 35ರಲ್ಲಿ, ಗೋಲ್ಡನ್ ಸ್ಟೇಟ್ ತಂಡ ಡ್ರೇಮಂಡ್ ಗ್ರೀನ್‌ನನ್ನು ಆರಿಸಿತು. ಕ್ರೌಡರ್‌ನನ್ನು ನಾವು 2014ರ ಡಿಸೆಂಬರ್‌ನಲ್ಲಿ ರಾಜಾನ್ ರಾಂಡೋಗಾಗಿ ಬಾಸ್ಟನ್‌ಗೆ ಕೊಟ್ಟೆವು. ರಾಂಡೋ ಅರ್ಧ ಸೀಸನ್ ಆಡಿ, ತರಬೇತುದಾರನ ಜೊತೆ ಜಗಳವಾಡಿ ಹೊರಟ. ಖಾತೆ ಕಿರ್ದಿಯವರ ಎಳೆ ಅಲ್ಲಿಗೆ ಕಡಿಯಿತು.

2015ರಲ್ಲಿ 52ನೇ ಪಿಕ್‌ನಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ ನಮ್ಮ ತಂಡಕ್ಕೆ ಬಂದದ್ದು ಟ್ರೇಡ್ ಅಲ್ಲವಾದ್ದರಿಂದ ಇಲ್ಲಿ ಎರಡೇ ಮಾತು. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯನೆಂದು ನಮ್ಮ ಮಕ್ಕಳನ್ನು ಕರೆದುಕೊಂಡು ಫ್ರಿಸ್ಕೋದಲ್ಲಿ ಮ್ಯಾವರಿಕ್ಸ್‌ನ ಕಿರಿಯ ತಂಡ ಟೆಕ್ಸಸ್ ಲೆಜೆಂಡ್ಸ್ ಪಂದ್ಯ ನೋಡಲು ಹೋದೆವು, ಏಳಡಿ ಎರಡಂಗುಲದ ಆ ಹುಡುಗ ವಾರ್ಮಪ್ ಮಾಡುವಾಗ ನನ್ನ ಮಗಳು ತಲೆಯೆತ್ತಿ ನೋಡಿ, “ಅಪ್ಪಾ, ಇವರ ಮನೆಯಲ್ಲಿ ಫ್ಯಾನ್ ಎಷ್ಟು ಎತ್ತರಕ್ಕೆ ಹಾಕಿರುತ್ತಾರೆ?” ಎಂದು ಕೇಳಿದಳು.

ನನ್ನ ಆಯ್ಕೆ 2023ರದು. ಅದು ಕೊಳಕಾಗಿ ಆರಂಭವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮ ಪಿಕ್ ಮೊದಲ ಹತ್ತರೊಳಗೆ ಬಾರದಿದ್ದರೆ, ಹಿಂದೆ ಕ್ರಿಸ್ಟಾಪ್ಸ್ ಪೊರ್ಜಿಂಗಿಸ್‌ನನ್ನು ಪಡೆದ ಟ್ರೇಡಿನ ಹಳೆಯ ಬಾಕಿಗೆ ಅದು ನ್ಯೂಯಾರ್ಕ್‌ಗೆ ಸೇರಬೇಕಿತ್ತು. ಹಾಗಾಗಿ ಷಿಕಾಗೋ ವಿರುದ್ಧದ ಪಂದ್ಯದಲ್ಲಿ ಪ್ರಮುಖರನ್ನು ಕೂರಿಸಿ ಸೋತೆವು, ಲೀಗ್ ಏಳೂವರೆ ಲಕ್ಷ ಡಾಲರ್ ದಂಡ ಹಾಕಿತು. ಹಾಗೆ ಉಳಿಸಿಕೊಂಡ ಹತ್ತನೇ ಪಿಕ್‌ನ ಜೊತೆಗೆ ಡೇವಿಸ್ ಬರ್ಟಾನ್ಸ್‌ನ ಭಾರವಾದ ಒಪ್ಪಂದವನ್ನೂ ಒಕ್ಲಹೋಮಾ ಸಿಟಿಯ ಹೆಗಲಿಗೆ ದಾಟಿಸಿ ಹನ್ನೆರಡಕ್ಕೆ ಇಳಿದೆವು. ಅವರು ಹತ್ತರಲ್ಲಿ ಕೇಸನ್ ವಾಲೇಸ್‌ನನ್ನು ತೆಗೆದುಕೊಂಡರು; ನಮಗೆ ಹನ್ನೆರಡರಲ್ಲಿ ಡೆರೆಕ್ ಲೈವ್ಲಿ ಸಿಕ್ಕ. ಬರ್ಟಾನ್ಸ್ ಹೋದದ್ದರಿಂದ ಹುಟ್ಟಿದ ಟ್ರೇಡ್ ಎಕ್ಸೆಪ್ಷನ್ (ಬೇರೊಬ್ಬನ ಸಂಬಳ ಹೊರಲು ಸಿಗುವ ವಿನಾಯಿತಿ) ಬಳಸಿ ಸ್ಯಾಕ್ರಮೆಂಟೋದಿಂದ ರಿಚಾನ್ ಹೋಮ್ಸ್ ಮತ್ತು 24ನೇ ಪಿಕ್ಕನ್ನು ತಂದೆವು. ಅದೇ ಹೋಮ್ಸ್ 2024ರ ಫೆಬ್ರವರಿಯಲ್ಲಿ ಡ್ಯಾನಿಯಲ್ ಗ್ಯಾಫರ್ಡ್ ಬರಲು ದಾರಿಯಾದ. ಲೈವ್ಲಿ, ಗ್ಯಾಫರ್ಡ್ ಇಬ್ಬರೂ ಸರದಿಯಂತೆ ಬ್ಯಾಸ್ಕೆಟ್ ಕಾದುದರಿಂದಲೇ ನಾವು ಆ ಜೂನ್‌ನಲ್ಲಿ ಫೈನಲ್ ಆಡಿದ್ದು. 2013ರಲ್ಲೂ ಇಳಿದೆವು, 2023ರಲ್ಲೂ ಇಳಿದೆವು. ಎರಡನೆಯ ಸಲ ಖಾಲಿಯಾದ ಕೋಣೆಗೆ ಅದೇ ರಾತ್ರಿ ಜನ ಬಂದರು.

ಸಾಗರದ ಮಳೆ

ಇಷ್ಟು ಹೊತ್ತಾದರೂ 2018ಕ್ಕೆ ಯಾರೂ ಬರಲಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ. ಅಲ್ಲಿನ ಗುರುವಾರ ಸಂಜೆ ಏಳು ಗಂಟೆ ಎಂದರೆ ನಮಗೆ ಶುಕ್ರವಾರ ಬೆಳಗಿನ ನಾಲ್ಕೂವರೆ. ಜೂನ್ ತಿಂಗಳಲ್ಲಿ ನಮ್ಮೂರು ಸಾಗರದಲ್ಲಿ ಆ ಹೊತ್ತಿಗೆ ಕರೆಂಟ್ ಇರಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಜಗುಲಿಯ ಕಿಟಕಿಯ ಬಲಗಡೆಯ ಸರಳಿಗೆ ಫೋನ್ ಒರಗಿಸಿಟ್ಟರೆ ಮಾತ್ರ ಸಿಗ್ನಲ್ ಎರಡು ಗೆರೆ ಬರುತ್ತಿತ್ತು. ಅಲ್ಲಿ ನಿಂತುಕೊಂಡು ಅಕ್ಷರದಲ್ಲಿ ಬರುವ ಸುದ್ದಿಯನ್ನಷ್ಟೇ ಓದುತ್ತಿದ್ದೆ. ಫೀನಿಕ್ಸ್‌ನವರು ಡಿಆಂಡ್ರೆ ಏಟನ್‌ನನ್ನು ಆರಿಸಿದರು. ಸ್ಲೊವೇನಿಯಾಗೆ 2017ರ ಯೂರೋಬ್ಯಾಸ್ಕೆಟ್ ಚಿನ್ನ ಗೆದ್ದುಕೊಟ್ಟ ಕೋಚ್ ಇಗೋರ್ ಕೊಕೊಶ್ಕೊವ್ ಆಗ ಅದೇ ಫೀನಿಕ್ಸ್‌ನಲ್ಲಿದ್ದರು, ಆ ಚಿನ್ನದ ತಂಡದಲ್ಲಿ ಲೂಕಾ ಇದ್ದ, ಆದರೂ ಬಿಟ್ಟರು. ಸ್ಯಾಕ್ರಮೆಂಟೋ ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿತು. ರಿಯಲ್ ಮ್ಯಾಡ್ರಿಡ್ ಜೊತೆ ಯೂರೋಲೀಗ್ ಗೆದ್ದು, ಹತ್ತೊಂಬತ್ತನೇ ವಯಸ್ಸಿಗೇ ಆ ಲೀಗ್‌ನ ಎಂವಿಪಿ ಆದವನು ಮೂರನೆಯ ಸ್ಥಾನಕ್ಕೆ ಇಳಿದಿದ್ದ.

ಆಮೇಲೆ ಟ್ರೇಡ್ ಸುದ್ದಿ ಬಂತು. ನಾವು ಐದರಲ್ಲಿ ಟ್ರೇ ಯಂಗ್‌ನನ್ನು ಆರಿಸಿ ಅಟ್ಲಾಂಟಾಗೆ ಕೊಡುವುದು, ಜೊತೆಗೆ 2019ರ ಫಸ್ಟ್ ರೌಂಡ್ ಪಿಕ್ ಕೊಡುವುದು, ಅದು ಮೊದಲ ಐದರೊಳಗೆ ಬಂದರೆ ಮಾತ್ರ ನಮ್ಮಲ್ಲೇ ಉಳಿಯುವುದು. ಅಮ್ಮ ಹಾಲು ಕಾಯಿಸಲು ಎದ್ದವರು, “ಏನೇ ಅದು, ರಿಸಲ್ಟ್ ಬಂತಾ?” ಎಂದು ಕೇಳಿದರು. ನಾನು ಹೌದೆಂದೆ. ಅಂದಿನ ಚಿತ್ರಗಳಲ್ಲಿ ಲೂಕಾ ತಲೆಯ ಮೇಲೆ ಅಟ್ಲಾಂಟಾ ಟೋಪಿಯಿದೆ, ಯಂಗ್ ತಲೆಯ ಮೇಲೆ ನಮ್ಮದು. ಅದೇ ರಾತ್ರಿ 33ರಲ್ಲಿ ಜೇಲನ್ ಬ್ರನ್ಸನ್ ಕೂಡ ಬಂದನಲ್ಲ! ಒಂದೇ ಸಂಜೆ ಇಬ್ಬರು ಎಂದು ಮೇಲಂತಸ್ತಿನವರು 1998ರ ಬಗ್ಗೆ ಬರೆದದ್ದು 2018ಕ್ಕೂ ಒಪ್ಪುತ್ತದೆ. ಬ್ರನ್ಸನ್ 2022ರಲ್ಲಿ ನ್ಯಾಶ್‌ನಂತೆಯೇ ಫ್ರೀ ಏಜೆಂಟ್ ಆಗಿ, ಬದಲಿಗೆ ನಮಗೇನೂ ಸಿಗದಂತೆ, ನ್ಯೂಯಾರ್ಕ್‌ಗೆ ಹೋದ ಎಂಬುದೂ ಒಪ್ಪುತ್ತದೆ.

ಅಟ್ಲಾಂಟಾದ ಅಳಿಯ

ಎದುರು ಪಾಳೆಯದವನಾದರೂ ಒಂದು ಮಾತು ಹೇಳಲು ಅವಕಾಶ ಕೊಡಿ. 2017–18ರಲ್ಲಿ ನಿಮ್ಮ ತಂಡವೂ ನಮ್ಮ ತಂಡವೂ ಸರಿಯಾಗಿ 24 ಗೆದ್ದು 58 ಸೋತಿದ್ದವು. ಆಯ್ಕೆಯ ಸರದಿ ನಿರ್ಧರಿಸುವ ಲಾಟರಿಯಲ್ಲಿ ನಮಗೆ ಮೂರು ಬಂತು, ನಿಮಗೆ ಐದು. ಆ ಎರಡು ಮೆಟ್ಟಿಲ ಅಂತರಕ್ಕೆ ನೀವು ತೆತ್ತದ್ದು ಒಂದು ಫಸ್ಟ್ ರೌಂಡ್ ಪಿಕ್. ನಮ್ಮವರು ಮೂರ್ಖರೆಂದು ಎಲ್ಲರೂ ನಗುತ್ತಾರೆ. ಆದರೆ ಟ್ರೇ ಯಂಗ್ 2021ರಲ್ಲಿ ನ್ಯೂಯಾರ್ಕ್‌ನವರನ್ನು ಅವರದೇ ಅಂಗಳದಲ್ಲಿ ಬಾಯಿಮುಚ್ಚಿಸಿ, ಫಿಲಡೆಲ್ಫಿಯಾವನ್ನು ಏಳನೇ ಪಂದ್ಯದಲ್ಲಿ ಅವರ ಊರಲ್ಲೇ ಸೋಲಿಸಿ, ನಮ್ಮನ್ನು ಈಸ್ಟರ್ನ್ ಕಾನ್ಫರೆನ್ಸ್ ಫೈನಲ್‌ಗೆ ಕರೆದೊಯ್ದಾಗ ನೀವು ಇನ್ನೂ ಪ್ಲೇಆಫ್‌ನ ಒಂದು ಸುತ್ತನ್ನೂ ಲೂಕಾ ಜೊತೆ ಗೆದ್ದಿರಲಿಲ್ಲ. ನಾವು ಎಡವಿದ್ದು ಯಂಗ್ ವಿಷಯದಲ್ಲಲ್ಲ, ನೀವು ಕೊಟ್ಟ ಪಿಕ್‌ನಲ್ಲಿ. ಅದು 2019ರಲ್ಲಿ ಹತ್ತನೆಯದಾಗಿ ನಮ್ಮ ಕೈಗೆ ಬಂತು, ನಾವು ಕ್ಯಾಮ್ ರೆಡಿಷ್‌ನನ್ನು ಆರಿಸಿದೆವು, ಮೂರು ವರ್ಷ ತುಂಬುವ ಮೊದಲೇ ಅವನನ್ನು ಬಿಟ್ಟುಕೊಟ್ಟೆವು.

ಖಾತೆ ಕಿರ್ದಿ

ಅಳಿಯಂದಿರ ಮಾತಿನಲ್ಲಿ ಸತ್ಯವಿದೆ. ಆದರೆ ನನ್ನ ಪದ್ಧತಿಯ ಪ್ರಕಾರ 2018ರ ಎಳೆ ಲೂಕಾನಲ್ಲಿ ನಿಲ್ಲುವುದಿಲ್ಲ, ಅದಕ್ಕೇ ನಾನು ಆ ಪುಟವನ್ನು ತೆರೆಯಲು ಹಿಂಜರಿದದ್ದು. 2025ರ ಫೆಬ್ರವರಿ ಆರಂಭದ ಆ ನಡುರಾತ್ರಿ ಲೂಕಾ ಲಾಸ್ ಏಂಜಲೀಸ್ ಲೇಕರ್ಸ್‌ಗೆ ಹೋದ. ಬದಲಿಗೆ ಆಂಥನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಮತ್ತು 2029ರ ಒಂದು ಫಸ್ಟ್ ರೌಂಡ್ ಪಿಕ್ ಬಂದವು. ಹಾಗಾದರೆ 2018ರ ಟ್ರೇಡಿನ ಬಾಕಿಯನ್ನು ಈಗ ಇವರ ಹೆಸರಿನಲ್ಲಿ ಬರೆಯಬೇಕಾಗುತ್ತದೆ.

ಸಾಗರದ ಮಳೆ

ಬರೆಯಬಾರದು, ಸರ್. ನಿಮ್ಮ ಪದ್ಧತಿ ಹ್ಯಾರಿಸ್‌ನಂಥವನಿಗೆ ಸರಿ, ಏಕೆಂದರೆ ಅವನನ್ನು ಕೊಟ್ಟದ್ದು ತಂಡವನ್ನು ಇನ್ನೂ ಒಳ್ಳೆಯದಾಗಿಸುವ ಅದೇ ಯೋಚನೆಯ ಮುಂದುವರಿಕೆಯಾಗಿತ್ತು. ಲೂಕಾ ಸತತ ಐದು ವರ್ಷ ಆಲ್ ಎನ್‌ಬಿಎ ಮೊದಲ ತಂಡದಲ್ಲಿದ್ದ (ವರ್ಷದ ಶ್ರೇಷ್ಠ ಐವರಲ್ಲಿ ಒಬ್ಬನಾಗಿದ್ದ), 2022ರಲ್ಲಿ ನಮ್ಮನ್ನು ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್‌ಗೂ 2024ರಲ್ಲಿ ಫೈನಲ್‌ಗೂ ಒಯ್ದ. ಡ್ರಾಫ್ಟ್ ರಾತ್ರಿ ನಾವು ಕೊಂಡದ್ದು ಅದನ್ನು. ಆಮೇಲೆ ಜನರಲ್ ಮ್ಯಾನೇಜರ್ ಆಗಿ ಬಂದ ನಿಕೋ ಹ್ಯಾರಿಸನ್ ಮಾಡಿದ್ದಕ್ಕೆ ಡಾನಿ ನೆಲ್ಸನ್ ಅವರ ಖಾತೆಯಿಂದ ಯಾಕೆ ಕಳೆಯಬೇಕು? ಗದ್ದೆ ಕೊಂಡವನು ಅಜ್ಜ, ಮಾರಿದವನು ಮೊಮ್ಮಗ ಎಂದರೆ ಅಜ್ಜನ ವ್ಯವಹಾರ ಕೆಟ್ಟದಾಗಿತ್ತು ಎಂದು ನಮ್ಮ ಕಡೆ ಯಾರೂ ಹೇಳುವುದಿಲ್ಲ.

ಖಾತೆ ಕಿರ್ದಿ

ಗದ್ದೆಯ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ. 2018ರ ಖಾತೆಯನ್ನು 2025ರ ಜನವರಿ 31ಕ್ಕೆ ಮುಕ್ತಾಯಗೊಳಿಸಿ, ಉಳಿದದ್ದನ್ನು ಹೊಸ ಪುಟದಲ್ಲಿ ಬರೆಯುತ್ತೇನೆ. ಅದೇ ವರ್ಷ ಶೇಕಡಾ 1.8ರಷ್ಟೇ ಅವಕಾಶವಿದ್ದ ಲಾಟರಿ ಗೆದ್ದು ಕೂಪರ್ ಫ್ಲ್ಯಾಗ್‌ನನ್ನು ಪಡೆದದ್ದು ಆ ಹೊಸ ಪುಟದ ಎರಡನೇ ಸಾಲು. ಹಾಗೆ ಮಾಡಿದರೆ ನ್ಯಾಶ್ ವಿಷಯದಲ್ಲೂ ನಾನು ಮೇಲಂತಸ್ತಿನ ರಾಯರಿಗೆ ಸ್ವಲ್ಪ ಸೋಲಬೇಕಾಗುತ್ತದೆ: 2004ರಲ್ಲಿ ಅವನನ್ನು ಹೋಗಲು ಬಿಟ್ಟದ್ದು 1998ರ ತಪ್ಪಲ್ಲ.

ರಿಯೂನಿಯನ್ ಮೇಲಂತಸ್ತು

ಸೋಲನ್ನು ಸ್ವೀಕರಿಸಿದ್ದೇನೆ! ಎಲ್ಲರ ಪುಟಗಳನ್ನೂ ಓದಿದ ಮೇಲೆ, ಮೊದಲ ಬರಹದಲ್ಲಿ ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟ ರಾಬರ್ಟ್ ಟ್ರೇಲರ್ ಬಗ್ಗೆ ಬರೆಯಬೇಕೆನಿಸಿತು. ಡರ್ಕ್‌ಗಾಗಿ ಕೊಟ್ಟ ಆಟಗಾರ ಎಂಬುದೇ ಅವನ ಹೆಸರಿನ ಮುಂದಿನ ಬಿರುದಾಗಿಬಿಟ್ಟಿತು. ಆ ರಾತ್ರಿ ಅವನು ತಾನಾಗಿ ಏನನ್ನೂ ಕೇಳಿದವನಲ್ಲ. ಏಳು ಸೀಸನ್‌ಗಳಲ್ಲಿ ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ಷಾರ್ಲಟ್, ನ್ಯೂ ಆರ್ಲಿಯನ್ಸ್, ಮತ್ತೆ ಕ್ಲೀವ್‌ಲ್ಯಾಂಡ್ ಎಂದು ಸುತ್ತಿ, ಆಮೇಲೆ ಹೊರದೇಶಗಳ ಲೀಗ್‌ಗಳಲ್ಲಿ ಆಡುತ್ತಿದ್ದ. 2011ರ ಮೇ 8ರಂದು ನಾವು ಲೇಕರ್ಸ್ ತಂಡವನ್ನು ನಾಲ್ಕಕ್ಕೆ ನಾಲ್ಕೂ ಪಂದ್ಯ ಸೋಲಿಸಿ ಮನೆಗೆ ಕಳಿಸಿದೆವು. ಮೂರು ದಿನಗಳ ಬಳಿಕ, ಮೇ 11ರಂದು, ಟ್ರೇಲರ್ ಪೋರ್ಟೊ ರಿಕೊದ ತನ್ನ ವಾಸದ ಮನೆಯಲ್ಲಿ ತೀರಿಕೊಂಡಿದ್ದು ಗೊತ್ತಾಯಿತು. ಅವನಿಗೆ 34 ವರ್ಷ. ನಾವೆಲ್ಲ ಮುಂದಿನ ಸುತ್ತಿನ ಟಿಕೆಟ್ ಹುಡುಕುವ ಗಡಿಬಿಡಿಯಲ್ಲಿದ್ದೆವು. ನಾನು ಆ ಸುದ್ದಿಯನ್ನು ಪತ್ರಿಕೆಯ ಒಳಪುಟದಲ್ಲಿ ನೋಡಿ ಪುಟ ತಿರುವಿದ್ದು ನೆನಪಿದೆ.

ಖಾತೆ ಕಿರ್ದಿ

ಗ್ಯಾರಿಟಿಯನ್ನೂ ನಾವು ಹಾಗೆಯೇ ಬಿಟ್ಟೆವು. ಅವನು ಫೀನಿಕ್ಸ್‌ನಲ್ಲಿ ಒಂದು ವರ್ಷ ಆಡಿ, ಆಮೇಲೆ 2008ರವರೆಗೂ ಆರ್ಲ್ಯಾಂಡೋದಲ್ಲಿದ್ದ. 1998ರ ಪುಟದಲ್ಲಿ ಇಬ್ಬರ ಸಾಲುಗಳನ್ನೂ ಸೇರಿಸಿದ್ದೇನೆ.